ಏಳು ಮುಳ್ಳಿನ ಬಿಲ್ಲೆ

ಹಲಸೂರಿನ ಮಂಜುಳಮ್ಮನವರ ಮನೆಯ ಹಾಲಿನಲ್ಲಿ, ಟೀವಿಯ ಎಡಕ್ಕೆ, ಒಂದು ವಾಷಿಂಗ್ ಮೆಷಿನ್ ಇತ್ತು. ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಹೂದಾನಿ ಇಟ್ಟು, ಹೂದಾನಿಗೆ ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ, ಇದೊಂದು ಮೇಜು ಎಂದು ಬಂದವರನ್ನೆಲ್ಲ ನಂಬಿಸಲು ಮಂಜುಳಮ್ಮ ಐದು ತಿಂಗಳಿನಿಂದ ಹೆಣಗುತ್ತಿದ್ದರು. ಬಂದವರು ನಂಬುತ್ತಿರಲಿಲ್ಲ. ಕಾಫಿ ಲೋಟ ಕೈಗೆ ತೆಗೆದುಕೊಂಡು, ಎರಡು ಗುಟುಕು ಕುಡಿದು, "ಅಲ್ಲ ಮಂಜುಳಮ್ಮ, ಈ ಟೇಬಲ್‌ಗೆ ಹೊಟ್ಟೆ ಹತ್ರ ಗಾಜಿನ ಬಾಗ್ಲು ಯಾಕೆ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಿದ್ದರು.

ಹಾಲಿನಲ್ಲಿ ನಲ್ಲಿ ಇಲ್ಲ. ನೀರು ಹೋಗುವ ದಾರಿಯೂ ಇಲ್ಲ. ಆದ್ದರಿಂದ ಐದು ತಿಂಗಳಿನಿಂದ ಮಂಜುಳಮ್ಮ ಬಟ್ಟೆಯನ್ನು ಕೈಯಲ್ಲೇ ಒಗೆಯುತ್ತಿದ್ದರು. ನಲ್ಲಿಯೂ ನೀರಿನ ದಾರಿಯೂ ಇದ್ದ ಅಡುಗೆಮನೆಯ ಹಿಂದಿನ ಜಾಗದಲ್ಲಿ, ವಾಷಿಂಗ್ ಮೆಷಿನ್ನಿನ ಸಿಂಹಾಸನದ ಮೇಲೆ, ಬೇರೊಂದು ಮೆಷಿನ್ ಕಾಲೂರಿ ನಿಂತಿತ್ತು. ಅದು ಲೇತ್. ಕಬ್ಬಿಣ, ಹಿತ್ತಾಳೆಯನ್ನು ಗಿರಗಿರ ತಿರುಗಿಸಿ ಹೆರೆಯುವ ಯಂತ್ರ. ಅದರ ಮಾಲೀಕರು, ಮಂಜುಳಮ್ಮನವರ ಧರ್ಮಪತಿಗಳಾದ ಮುನಿಕೃಷ್ಣಪ್ಪನವರು.

ಮುನಿಕೃಷ್ಣಪ್ಪನವರು ಕಾರ್ಪೊರೇಷನ್ನಿನ ಜನನ-ಮರಣ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಊರಿನವರೆಲ್ಲ ಹುಟ್ಟಿದ್ದನ್ನು ಬರೆದರು, ಸತ್ತಿದ್ದನ್ನು ಬರೆದರು. ತಾವಾಗಿ ಒಂದು ವಸ್ತುವನ್ನೂ ಹುಟ್ಟಿಸಿದವರಲ್ಲ (ಮಗಳು ನಿಖಿತಾ ಒಬ್ಬಳನ್ನು ಬಿಟ್ಟರೆ, ಅದರಲ್ಲೂ ಭಾರದ ಕೆಲಸವೆಲ್ಲ ಮಂಜುಳಮ್ಮನವರದೇ). ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆಯಲು ಕೂಡ ಪಕ್ಕದ ಮನೆಯವರನ್ನು ಕರೆಯುತ್ತಿದ್ದ ಆಸಾಮಿ. ನಿವೃತ್ತಿಯ ನಂತರ ಅವರ ಕೈಗೆ ಫೋನು ಸಿಕ್ಕಿತು. ಫೋನಿನಲ್ಲಿ ಯಾವುದೋ ದೇಶದ ಬಿಳಿಗಡ್ಡದ ಮುದುಕನೊಬ್ಬ ಸಿಕ್ಕಿದ. ಆ ಮುದುಕ ದಿನವೆಲ್ಲ ಒಂದು ಮಾತೂ ಆಡದೆ ಲೋಹ ಹೆರೆಯುತ್ತಿದ್ದ.

"ನೋಡೇ ಮಂಜುಳಾ, ಕಬ್ಬಿಣಾನ ಬೆಣ್ಣೆ ತರ ಹೆರೀತಾನೆ!"

"ಅವನ ಹೆಂಡ್ತಿ ಎಲ್ರೀ?"

"ವಿಡಿಯೋದಲ್ಲಿ ಕಾಣಲ್ಲ."

"ಬಿಟ್ಟು ಹೋಗಿರ್ತಾಳೆ," ಎಂದಿದ್ದರು ಮಂಜುಳಮ್ಮ.

ಒಂದು ಶನಿವಾರ, ರವಿಕೆಗೆ ಲೈನಿಂಗ್ ಬಟ್ಟೆ ತನ್ನಿ ಎಂದು ಚೂರು ಬಟ್ಟೆಯ ಸ್ಯಾಂಪಲ್ ಕೊಟ್ಟು ಗಂಡನನ್ನು ಕಮರ್ಷಿಯಲ್ ಸ್ಟ್ರೀಟಿಗೆ ಕಳಿಸಿದರು. ಹೋದವರು ಮೂರು ಗಂಟೆಯಾದರೂ ಬರಲಿಲ್ಲ. ಕೊನೆಗೆ ಮನೆಯ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಅದರಲ್ಲಿ ಡ್ರೈವರ್ ಪಕ್ಕ ಮುನಿಕೃಷ್ಣಪ್ಪನವರು, ಹಿಂದೆ ಗೋಣಿತಾಟು ಹೊದ್ದ ಲೇತು, ಲೇತನ್ನು ತಬ್ಬಿಕೊಂಡು ಶಿವಾಜಿನಗರದ ಅಫ್ತಾಬ್ ಭಾಯಿ. ಅಫ್ತಾಬ್ ಭಾಯಿ ಮೂವತ್ತು ವರ್ಷದಿಂದ ಲೇತ್ ಅಂಗಡಿ ಇಟ್ಟವರು. ದೊಡ್ಡ ಮೆಷಿನ್ ಕೊಂಡು ಚಿಕ್ಕದನ್ನು ಸಾಗಹಾಕಲು ಗಿರಾಕಿ ಹುಡುಕುತ್ತಿದ್ದರು. ಇವರು ಕೈಯಲ್ಲಿ ರವಿಕೆ ಚೂರು ಹಿಡಿದು, ಬಾಯಿ ತೆರೆದು, ಅವರ ಅಂಗಡಿ ಬಾಗಿಲಲ್ಲಿ ಎರಡು ಗಂಟೆ ನಿಂತಿದ್ದರಂತೆ.

"ಲೈನಿಂಗ್ ಎಲ್ರೀ?"

ಮುನಿಕೃಷ್ಣಪ್ಪನವರು ಕೈ ನೋಡಿಕೊಂಡರು. ಚೂರು ಬಟ್ಟೆಯ ಮೇಲೆ ಆಗಲೇ ಗ್ರೀಸು ಮೆತ್ತಿತ್ತು.

ಅಂದಿನಿಂದ ಶುರುವಾದದ್ದು ಅಭ್ಯಾಸ. ಐದು ತಿಂಗಳು ಬರೀ ಅಭ್ಯಾಸ. ಒಂದು ಮೊಳೆಯಷ್ಟು ಪದಾರ್ಥವೂ ಆ ಮೆಷಿನ್ನಿನಿಂದ ಪೂರ್ತಿಯಾಗಿ ಹೊರಬೀಳಲಿಲ್ಲ. ಉದ್ದದ ಸರಳು ಒಳಗೆ ಹೋಗುತ್ತಿತ್ತು, ಗಿಡ್ಡ ಸರಳು ಹೊರಗೆ ಬರುತ್ತಿತ್ತು. ನಡುವೆ ಮಾಯವಾದ ಲೋಹವೆಲ್ಲ ಮನೆಯ ತುಂಬ ಹರಡಿಕೊಂಡಿತ್ತು. ಹಿತ್ತಾಳೆಯ ಸೂಜಿಯಂಥ ಚೂರುಗಳು ಕಾಲೊರೆಸುವ ಚಾಪೆಯಲ್ಲಿ, ತುಳಸಿ ಕಟ್ಟೆಯಲ್ಲಿ, ಮಂಜುಳಮ್ಮನವರ ತುರುಬಿನಲ್ಲಿ ಸಿಗುತ್ತಿದ್ದವು. ಒಂದು ದಿನ ಕೇಸರಿಬಾತಿನಲ್ಲಿ ಏನೋ ಮಿಂಚಿತು. ಕೇಸರಿ ದಳವಿರಬೇಕು ಎಂದು ಮೆಚ್ಚಿ ಅಗಿಯಲು ಹೋದ ಎದುರುಮನೆಯಾಕೆ ಅಂದಿನಿಂದ ಇವರ ಮನೆಯಲ್ಲಿ ನೀರು ಮಾತ್ರ ಕುಡಿಯುತ್ತಾರೆ, ಅದನ್ನೂ ಬೆಳಕಿಗೆ ಹಿಡಿದು ನೋಡಿ.

ಅಳತೆಯ ಹುಚ್ಚು ಇನ್ನೊಂದು ಬಗೆ. ಅಫ್ತಾಬ್ ಭಾಯಿ ಒಂದು ವರ್ನಿಯರ್ ಕೊಟ್ಟಿದ್ದರು. ಎರಡು ದವಡೆಯ ನಡುವೆ ವಸ್ತುವನ್ನು ಹಿಡಿದು ಕೂದಲೆಳೆಯಷ್ಟು ದಪ್ಪವನ್ನೂ ಹೇಳುವ ಅಳತೆಗೋಲು. ಅದು ಮುನಿಕೃಷ್ಣಪ್ಪನವರ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ನೆಲೆಸಿತು. ಒಂದು ಮಧ್ಯಾಹ್ನ ತಟ್ಟೆಗೆ ಬಿದ್ದ ರಾಗಿಮುದ್ದೆಯನ್ನು ಅದರಲ್ಲಿ ಹಿಡಿದು, "ನಿನ್ನೆಗಿಂತ ನಾಲ್ಕು ಮಿಲಿಮೀಟರ್ ಕಮ್ಮಿ" ಎಂದರು.

"ಕಮ್ಮಿ ಆಗಿರೋದು ನಿಮ್ ಬುದ್ಧಿ. ಅದನ್ನ ಅಳೀರಿ," ಎಂದರು ಮಂಜುಳಮ್ಮ.

ಇಷ್ಟನ್ನೂ ಅವರು ಸಹಿಸಿದರು. ಸಹಿಸಲಾಗದ್ದು ಆದದ್ದು ನಿಖಿತಾಳ ಸೀಮಂತಕ್ಕೆ ಹತ್ತು ದಿನ ಇರುವಾಗ.

ನಿಖಿತಾಳನ್ನು ಕೊಟ್ಟದ್ದು ಬಾಣಸವಾಡಿಗೆ. ಅತ್ತೆ ಪಿಳ್ಳಮ್ಮನವರು ಬಾಣಸವಾಡಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ದೊಡ್ಡ ಕುಟುಂಬ, ದೊಡ್ಡ ದನಿ, ಇನ್ನೂ ದೊಡ್ಡ ಜ್ಞಾಪಕಶಕ್ತಿ. ಈ ಜ್ಞಾಪಕಶಕ್ತಿಗೆ ಮಂಜುಳಮ್ಮ ಹೆದರಲು ಕಾರಣವಿತ್ತು. ನಿಶ್ಚಿತಾರ್ಥದ ದಿನ ಪಿಳ್ಳಮ್ಮನವರು ತಟ್ಟೆ ತುಂಬ ಚಕ್ಕುಲಿ ತಂದಿಟ್ಟು "ಮನೇಲೇ ಮಾಡಿದ್ದು" ಎಂದಿದ್ದರು. ಮಂಜುಳಮ್ಮ ಒಂದನ್ನು ಎತ್ತಿ, ತಿರುಗಿಸಿ ನೋಡಿ, ಇಡೀ ಸಭೆಗೆ ಕೇಳುವಂತೆ, "ಅಂಗಡೀದು ಅಲ್ವಾ? ಕೈಲಿ ಮಾಡಿದ ಚಕ್ಕುಲಿ ಒಂದರ ತರ ಇನ್ನೊಂದು ಇರಲ್ಲ ಕಣ್ರೀ" ಎಂದುಬಿಟ್ಟಿದ್ದರು. ಮಾತು ನಿಜವೇ ಆಗಿತ್ತು. ಅದಕ್ಕೇ ಅದು ಪಿಳ್ಳಮ್ಮನವರ ಎದೆಯಲ್ಲಿ ನಾಟಿತ್ತು. ಈಗ ಸೀಮಂತಕ್ಕೆ ತವರಿನಿಂದ ಐದು ಬಗೆಯ ತಿಂಡಿ ಹೋಗಬೇಕು, ಅದರಲ್ಲಿ ಚಕ್ಕುಲಿ ಇರಲೇಬೇಕು, ಅದು ಮಂಜುಳಮ್ಮನವರು ಕೈಯಾರೆ ಮಾಡಿದ್ದಾಗಿರಬೇಕು. ಬಾಣಸವಾಡಿಯೇ ಕಾದು ಕುಳಿತಿದೆ ಎಂದು ಅವರಿಗೆ ಗೊತ್ತಿತ್ತು.

ಮಂಜುಳಮ್ಮನವರ ಚಕ್ಕುಲಿ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಅದಕ್ಕೆ ಕಾರಣ ಅವರ ತಾಯಿ ಕೊಟ್ಟ ಹಿತ್ತಾಳೆಯ ಚಕ್ಕುಲಿ ಒರಳು. ಒರಳಿನ ತಳದಲ್ಲಿ ಕೂರುವ ಬಿಲ್ಲೆಯ ನಡುವೆ ನಕ್ಷತ್ರದ ಆಕಾರದ ತೂತು. ತೂತಿಗೆ ಏಳು ಮೂಲೆ, ಅದರಿಂದ ಚಕ್ಕುಲಿಗೆ ಏಳು ಮುಳ್ಳು. ಏಳರಲ್ಲಿ ಒಂದು ಮೂಲೆ ಯಾವ ಕಾಲದಲ್ಲೋ ಸವೆದು ಮೊಂಡಾಗಿತ್ತು. ಹಾಗಾಗಿ ಚಕ್ಕುಲಿ ಒಂದು ಕಡೆಗೆ ತುಸು ವಾಲಿಕೊಂಡೇ ಸುತ್ತಿಕೊಳ್ಳುತ್ತಿತ್ತು. ಆ ಸೊಟ್ಟನ್ನು ಕಂಡರೆ ಮಂಜುಳಮ್ಮನವರಿಗೆ ಮೂವತ್ತು ವರ್ಷದಿಂದ ಮುಜುಗರ.

ಅಂದು ಒರಳು ತೊಳೆದಿಡೋಣ ಎಂದು ಬಿಲ್ಲೆ ಹುಡುಕಿದರೆ ಬಿಲ್ಲೆ ಇಲ್ಲ. ಹಿಂದುಗಡೆಯಿಂದ "ಟಣ್" ಎಂದು ಸದ್ದು ಬಂತು. ಆಮೇಲೆ ಸದ್ದಿಲ್ಲ. ಆ ಸದ್ದಿಲ್ಲದ್ದೇ ಮಂಜುಳಮ್ಮನವರಿಗೆ ಅನುಮಾನ ತಂದಿತು.

ಮುನಿಕೃಷ್ಣಪ್ಪನವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕೈಯಲ್ಲಿ ಮಡಚಿಕೊಂಡ ಹಿತ್ತಾಳೆಯ ತುಂಡು.

"ಏನ್ರೀ ಅದು?"

"ಕಿಲುಬು ಹಿಡಿದಿತ್ತು ಕಣೆ. ಲೇತಿಗೆ ಹಾಕಿ ಸ್ವಲ್ಪ ಪಾಲಿಶ್ ಮಾಡೋಣ ಅಂತ... ಸರ್‌ಪ್ರೈಸ್..."

"ಅಯ್ಯೋ ನಮ್ಮಮ್ಮನ ಬಿಲ್ಲೆ!"

ಮುಂದಿನ ಅರ್ಧ ಗಂಟೆ ಮಂಜುಳಮ್ಮ ಆಡಿದ್ದನ್ನೆಲ್ಲ ಬರೆದರೆ ಕಾಗದ ಹತ್ತಿಕೊಳ್ಳುತ್ತದೆ. ಹೊಟ್ಟೆಯೊಳಗಿನಿಂದ ಬಂದ ಅಳುವೂ ಅದರಲ್ಲಿತ್ತು. ಅಮ್ಮನ ಕೈ ಮುಟ್ಟಿದ ವಸ್ತು ಎಂದರೆ ಮನೆಯಲ್ಲಿ ಆ ಒರಳೂ ಬಿಲ್ಲೆಯೂ ಮಾತ್ರ ಉಳಿದಿದ್ದವು. ಮರುದಿನ ಒರಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹಲಸೂರಿನ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿದರು, ಶಿವಾಜಿನಗರಕ್ಕೂ ಹೋದರು. "ಇಷ್ಟು ಅಗಲದ ಒರಳಿಗೆ ಬಿಲ್ಲೆ ಈಗ ಎಲ್ಲಿ ಬರುತ್ತಮ್ಮ?" ಎಂದು ಎಲ್ಲರೂ ಕೈಚೆಲ್ಲಿದರು. ಒಬ್ಬ ಕೊಟ್ಟ ಹೊಸ ಒರಳು ಮನೆಗೆ ಬಂದ ದಿನವೇ ಹಿಡಿ ಮುರಿದುಕೊಂಡಿತು.

"ನಾನೇ ಮಾಡ್ಕೊಡ್ತೀನಿ," ಎಂದರು ಮುನಿಕೃಷ್ಣಪ್ಪ, ಮೆಲ್ಲಗೆ.

ಮಂಜುಳಮ್ಮ ಗಂಡನನ್ನು ಕೆಕ್ಕರಿಸಿ ನೋಡಿದರು. ಆ ಕ್ಷಣಕ್ಕೆ ಅವರ ತಲೆಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು.

"ಮಾಡಿ. ಆದ್ರೆ ಒಂದ್ ಮಾತು. ಶುಕ್ರವಾರದೊಳಗೆ ಬಿಲ್ಲೆ ನನ್ ಕೈಲಿರ್ಬೇಕು. ನಮ್ಮಮ್ಮಂದು ಇದ್ದಂಗೆ ಸೊಟ್ಟ ಇರ್ಬಾರ್ದು. ಏಳೂ ಮುಳ್ಳು ಒಂದೇ ಸಮ, ಒಂದೇ ಚೂಪು. ಹಂಗೆ ಮಾಡಿದ್ರೆ ನಿಮ್ ಲೇತಿನ ಸುದ್ದಿಗೇ ನಾನು ಬರಲ್ಲ. ಮಾಡ್ಲಿಲ್ವೋ, ಅದು ಗುಜರಿಗೆ, ನನ್ ವಾಷಿಂಗ್ ಮೆಷಿನ್ ಅದ್ರ ಜಾಗಕ್ಕೆ."

"ಆಯ್ತು," ಎಂದರು ಅವರು. ಐದು ತಿಂಗಳಲ್ಲಿ ಒಂದು ಮೊಳೆ ಮಾಡದವರು ಐದು ದಿನದಲ್ಲಿ ನಕ್ಷತ್ರ ಕೊರೆಯುವುದುಂಟೇ! ಮಂಜುಳಮ್ಮ ಅಡುಗೆಮನೆಗೆ ಹೋಗಿ ಅಫ್ತಾಬ್ ಭಾಯಿಗೆ ಫೋನ್ ಮಾಡಿಯೇಬಿಟ್ಟರು.

"ಸೀಮಂತದ ಮರುದಿನ, ಸೋಮವಾರ ಬೆಳಿಗ್ಗೆ, ಆಟೋ ತಗೊಂಡ್ ಬಂದು ನಿಮ್ ಮೆಷಿನ್ ವಾಪಸ್ ಎತ್ಕೊಂಡ್ ಹೋಗಿ ಭಾಯಿ."

"ಅರೆ ಅಮ್ಮಾ, ನಕ್ಕೋ, ಬೇಡ! ಸಾರ್‌ಗೆ ಈಗೀಗ ಕೈ ಕೂತಿದೆ."

"ಕೈ ಕೂತಿದೆ, ನಾನು ಕಲ್ಲಿನ ಮುಂದೆ ಕೂತಿದೀನಿ, ಬಟ್ಟೆ ಒಗೀತಾ. ಬನ್ನಿ ಅಂದ್ರೆ ಬನ್ನಿ."

ಭಾನುವಾರ ಮಧ್ಯಾಹ್ನವೇ ಮುನಿಕೃಷ್ಣಪ್ಪನವರು ಅಫ್ತಾಬ್ ಭಾಯಿಯ ಅಂಗಡಿಯಿಂದ ಒಂದು ದಪ್ಪ ಹಿತ್ತಾಳೆ ಸರಳಿನ ತುಂಡು ತಂದರು. ಮೊದಲನೆಯ ಬಿಲ್ಲೆ ಸೋಮವಾರ ಸಂಜೆಗೆ ಸಿದ್ಧವಾಯಿತು. ಒರಳಿನ ಹೊರಗಿನ ಅಗಲವನ್ನು ಅಳೆದು ಮಾಡಿದ್ದರಿಂದ ಅದು ಒರಳಿನ ಒಳಗೆ ಹೋಗಲೇ ಇಲ್ಲ, ಮುಚ್ಚಳದ ಹಾಗೆ ಮೇಲೆ ಕುಳಿತಿತು. ಎರಡನೆಯದು ಸರಿಯಾದ ಅಳತೆಗೇ ಬಂತು. ಆದರೆ ಸರಳಿನಿಂದ ಕತ್ತರಿಸುವ ಹೊತ್ತಿಗೆ ಕಳಚಿ ನೆಲಕ್ಕೆ ಬಿದ್ದು, ಉರುಳುತ್ತ ಉರುಳುತ್ತ, ನೀರು ಹೋಗುವ ದಾರಿಯಲ್ಲಿ ಹೋಯಿತು. ಐದು ತಿಂಗಳಿನಿಂದ ವಾಷಿಂಗ್ ಮೆಷಿನ್ನಿನ ನೀರು ಕಾಣದೆ ಒಣಗಿದ್ದ ಆ ಕೊಳವೆ ಬಿಲ್ಲೆಯನ್ನು ನುಂಗಿ ಸುಮ್ಮನಾಯಿತು. ಮಂಜುಳಮ್ಮನವರಿಗೆ ಪಾಪ ಅನ್ನಿಸಬೇಕಿತ್ತು, ಒಳಗೊಳಗೇ ಖುಷಿಯಾಯಿತು.

ಮೂರನೆಯದು ಬುಧವಾರ. ಇದು ಒರಳಿನ ಒಳಗೆ ಸರ್ರನೆ ಇಳಿದು ತಳದಲ್ಲಿ ಕುಳಿತಿತು. ಇನ್ನು ನಕ್ಷತ್ರ. ನಕ್ಷತ್ರ ಲೇತಿನಲ್ಲಿ ಆಗುವುದಿಲ್ಲವಂತೆ. ನಡುವೆ ತೂತು ಕೊರೆದು, ಬೆರಳುದ್ದದ ಸಣ್ಣ ಅರದಿಂದ ಒಂದೊಂದೇ ಮೂಲೆಯನ್ನು ಕೈಯಲ್ಲಿ ಉಜ್ಜಬೇಕಂತೆ. ಮುನಿಕೃಷ್ಣಪ್ಪನವರು ತುಳಸಿ ಕಟ್ಟೆಯ ಪಕ್ಕದ ಬಿಸಿಲಿನಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತರು. ಕ್ರೀಚ್, ಕ್ರೀಚ್, ಕ್ರೀಚ್. ನಾಲ್ಕು ಸಲ ಉಜ್ಜುವುದು, ಕನ್ನಡಕ ಹಣೆಗೇರಿಸಿ ನೋಡುವುದು, ವರ್ನಿಯರ್ ಹಿಡಿಯುವುದು, ತಲೆ ಅಲ್ಲಾಡಿಸುವುದು. ಬುಧವಾರ ಹೋಯಿತು, ಗುರುವಾರ ಹೋಯಿತು. ಆ ಸದ್ದಿಗೆ ಮಂಜುಳಮ್ಮನವರ ಹಲ್ಲು ಜುಂ ಎನ್ನುತ್ತಿತ್ತು. ಬೈಯಲು ಎರಡು ಸಲ ಹೊರಗೆ ಬಂದರು. ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮೈಮೇಲೆ ಎಚ್ಚರವೇ ಇಲ್ಲದೆ ಕುಳಿತ ಗಂಡನನ್ನು ನೋಡಿ, ಬೈಯದೆ ಒಳಗೆ ಹೋದರು. ಮೂರನೆಯ ಸಲ ಬಂದಾಗ ಕೈಯಲ್ಲಿ ಕಾಫಿ ಇತ್ತು. ತಾವು ಯಾಕೆ ಕಾಫಿ ತಂದೆವು ಎಂದು ಅವರಿಗೇ ಸಿಟ್ಟು ಬಂತು.

ಶುಕ್ರವಾರ ಸಂಜೆ ಐದಕ್ಕೆ ಮುನಿಕೃಷ್ಣಪ್ಪನವರು ಅಡುಗೆಮನೆಗೆ ಬಂದು, ಹೆಂಡತಿಯ ಅಂಗೈ ಬಿಡಿಸಿ, ಅದರಲ್ಲಿ ಬಿಲ್ಲೆ ಇಟ್ಟರು. ಬಾಣಂತಿ ಕೋಣೆಯಿಂದ ಹೊರಗೆ ಬಂದ ಸೂಲಗಿತ್ತಿ ಮಗುವನ್ನು ಕೊಡುವ ಹಾಗೆ ಕೊಟ್ಟರು. ಮಂಜುಳಮ್ಮ ಅದನ್ನು ಕಿಟಕಿಗೆ ಹಿಡಿದರು. ಏಳು ಮೂಲೆ. ಏಳೂ ಒಂದೇ ಸಮ, ಒಂದೇ ಚೂಪು. ಅದರ ಮೂಲಕ ಎದುರುಮನೆಯ ನೀರಿನ ಟ್ಯಾಂಕ್ ಕೂಡ ಚೆಂದ ಕಂಡಿತು.

"ನಾನ್ ಮಾಡಿದ ಮೊದಲ್ನೇ ವಸ್ತು ಕಣೆ," ಎಂದರು ಮುನಿಕೃಷ್ಣಪ್ಪ. "ಮೂವತ್ನಾಲ್ಕು ವರ್ಷ ಬರೀ ಸೀಲು ಹೊಡೆದೆ. ಇದು ಮೊದಲ್ನೇದು."

ಮಂಜುಳಮ್ಮ ಬಿಲ್ಲೆಯನ್ನು ಸೆರಗಿನಿಂದ ಒಮ್ಮೆ ಒರೆಸಿದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ಹೆಮ್ಮೆಯಿಂದ ಎದುರು ನಿಂತದ್ದನ್ನು ಅವರು ನೋಡಿರಲಿಲ್ಲ. "ಚೆನ್ನಾಗಿದೆ ಬಿಡಿ," ಎಂದರು. ಅವರ ಮಟ್ಟಿಗೆ ಅದು ರಾಜ್ಯೋತ್ಸವ ಪ್ರಶಸ್ತಿ. ಅಷ್ಟಕ್ಕೇ ಉಬ್ಬಿದ ಮುನಿಕೃಷ್ಣಪ್ಪನವರು ಉಳಿದ ಹಿತ್ತಾಳೆಯಲ್ಲಿ ಒಂದು ದಪ್ಪ ಬಳೆಯನ್ನೂ ಹೆರೆದು ತಂದರು. ಆ ಬಳೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಅದರೊಳಗೆ ತುಂಬುವಷ್ಟು ಚಕ್ಕುಲಿ ಸುತ್ತಿ, ಬಳೆ ಎತ್ತಿಬಿಟ್ಟರೆ ಎಲ್ಲ ಚಕ್ಕುಲಿಯೂ ಒಂದೇ ಅಗಲ.

ಶನಿವಾರವಿಡೀ ಮಂಜುಳಮ್ಮ ಚಕ್ಕುಲಿ ಕರಿದರು. ಹಿಟ್ಟು, ಬೆಣ್ಣೆ, ಜೀರಿಗೆ, ಎಳ್ಳು ಎಲ್ಲ ಎಂದಿನದೇ. ಆದರೆ ಆ ಬಿಲ್ಲೆಯಿಂದ ಇಳಿದ ಚಕ್ಕುಲಿ! ಒಂದು ಮುಳ್ಳೂ ಬಾಗದೆ, ಒಂದು ಎಳೆಯೂ ಕಿತ್ತುಬಾರದೆ, ಬಾಣಲೆಯಲ್ಲಿ ಗುಂಡಗೆ ತೇಲಿತು. ಬಳೆಯ ಉಪಾಯ ಅವರಿಗೆ ಎಷ್ಟು ಹಿಡಿಸಿತೆಂದರೆ, ಗಂಡ ಹೇಳದಿದ್ದರೂ ಪ್ರತಿ ಚಕ್ಕುಲಿಗೂ ಬಳೆ ಇಟ್ಟರು. ಇಪ್ಪತ್ತೈದು ಚಕ್ಕುಲಿಯನ್ನು ಒಂದರ ಮೇಲೊಂದು ಪೇರಿಸಿದರೆ ಕಂಬ ನೆಟ್ಟಗೆ ನಿಂತಿತು. ಪಿಳ್ಳಮ್ಮನವರು ಇದನ್ನು ನೋಡಿ ಬಾಯಿ ಮುಚ್ಚಿಕೊಳ್ಳುವ ದೃಶ್ಯವನ್ನು ನೆನೆನೆನೆದು ನಕ್ಕರು.

ಹಾಗಾದರೆ ಅಫ್ತಾಬ್ ಭಾಯಿಗೆ ಫೋನ್ ಮಾಡಿ ಸೋಮವಾರ ಬರಬೇಡಿ ಎನ್ನಬೇಕಲ್ಲವೇ? ಮಾತು ಕೊಟ್ಟದ್ದು ಹಾಗೇ ಅಲ್ಲವೇ? ಮಂಜುಳಮ್ಮ ಫೋನ್ ಕೈಗೆ ತೆಗೆದುಕೊಂಡರು. ಬಚ್ಚಲಿನಲ್ಲಿ ನೆನೆಹಾಕಿದ ಬಟ್ಟೆಯ ಗುಡ್ಡ ಕಣ್ಣಿಗೆ ಬಿತ್ತು. ಬಿಲ್ಲೆಯಂತೂ ಆಯಿತು, ಇನ್ನು ಆ ಮೆಷಿನ್ನಿಗೆ ಮನೆಯಲ್ಲಿ ಏನು ಕೆಲಸ? ಆಸೆ ತೀರಿದ ಮೇಲೆ ಅವರಾಗಿಯೇ ಮರೆಯುತ್ತಾರೆ. ಹೀಗೆ ತಮ್ಮ ಮನಸ್ಸಾಕ್ಷಿಗೆ ಸೀಲು ಹೊಡೆದು ಫೋನನ್ನು ಇದ್ದಲ್ಲೇ ಇಟ್ಟರು.

ಭಾನುವಾರ ಬಾಣಸವಾಡಿಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಿಖಿತಾ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಬಳೆ ತೊಟ್ಟು, ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದಳು. ತವರಿನ ತಟ್ಟೆಗಳನ್ನು ಸಾಲಾಗಿ ಇಟ್ಟದ್ದಾಯಿತು. ಕರ್ಜಿಕಾಯಿ, ನಿಪ್ಪಟ್ಟು, ರವೆ ಉಂಡೆ, ಕೊಬ್ಬರಿ ಮಿಠಾಯಿಗಳನ್ನು ದಾಟಿ ಪಿಳ್ಳಮ್ಮನವರ ಕಣ್ಣು ನೇರವಾಗಿ ಚಕ್ಕುಲಿಯ ಮೇಲೆ ಬಿತ್ತು. ಹತ್ತು ಜನ ಹೆಂಗಸರು ಹಿಂದೆ ಬಂದು ನಿಂತರು.

ಪಿಳ್ಳಮ್ಮ ಒಂದು ಚಕ್ಕುಲಿ ಎತ್ತಿದರು. ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು. ಮೊದಲಿನದರ ಮೇಲೆ ಇಟ್ಟರು. ಅಂಚಿಗೆ ಅಂಚು ಕೂಡಿತು. ಮೂರನೆಯದನ್ನೂ ಇಟ್ಟರು. ಅದೂ ಕೂಡಿತು. ಅವರ ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು. ಎರಡು ವರ್ಷದಿಂದ ಉಪವಾಸವಿದ್ದ ನಗು ಅದು.

"ಚೆನ್ನಾಗದೆ ಕಣಮ್ಮ. ಯಾವ ಅಂಗಡೀದು?"

"ಅಂಗಡೀದಲ್ಲ ಪಿಳ್ಳಮ್ಮನವ್ರೇ! ನಿನ್ನೆ ದಿನವಿಡೀ ನಿಂತು ನಾನೇ ಮಾಡಿದ್ದು!"

"ಬುಡಮ್ಮ, ಅದ್ರಲ್ಲೇನು ನಾಚ್ಕೆ? ಈಗಿನ್ ಕಾಲ್ದಲ್ಲಿ ಯಾರ್ ಮಾಡ್ತಾರೆ?" ಪಿಳ್ಳಮ್ಮನವರು ದನಿ ಏರಿಸಿದರು, ಶಾಮಿಯಾನದ ಕೊನೆಯ ಕುರ್ಚಿಗೂ ಕೇಳುವ ಹಾಗೆ. "ಕೈಲಿ ಮಾಡಿದ ಚಕ್ಕುಲಿ ಒಂದರ ತರ ಇನ್ನೊಂದು ಇರಲ್ಲ ಅಂತ ನೀನೇ ಹೇಳ್ಕೊಟ್ಟಿದ್ದೆ ಕಣಮ್ಮ ನಂಗೆ. ಮರ್ತುಬುಟ್ಯಾ?"

"ನಿಮ್ ಚಕ್ಕುಲಿ ಹಿಂಗಿರಲ್ವಲ್ಲ ಮಂಜುಳಮ್ಮ," ಎಂದರು ಹಿಂದಿನಿಂದ ಯಾರೋ. "ಒಂದ್ ಕಡೆ ವಾಲ್ಕೊಂಡಿರ್ತಿತ್ತು. ದೂರದಿಂದ್ಲೇ ಗೊತ್ತಾಗ್ತಿತ್ತು, ನಿಮ್ದು ಅಂತ."

ಮಂಜುಳಮ್ಮ ಗಂಡನ ಕಡೆ ನೋಡಿದರು. ಆಪತ್ತಿನಲ್ಲಿ ಗಂಡನ ಕಡೆ ನೋಡಬಾರದು ಎಂಬ ತಮ್ಮ ಜೀವನದ ಅನುಭವವನ್ನು ಆ ಗಾಬರಿಯಲ್ಲಿ ಮರೆತರು. ಮುನಿಕೃಷ್ಣಪ್ಪನವರು ಆಗಲೇ ಬೀಗುತ್ತ ಮುಂದೆ ಬಂದಿದ್ದರು, ಜುಬ್ಬದ ಜೇಬಿಗೆ ಕೈ ಹಾಕಿ.

"ಎಲ್ಲಾ ಎಪ್ಪತ್ತು ಮಿಲಿಮೀಟರ್, ಬೀಗ್ತಿಯವ್ರೇ! ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಬೇಕಾದ್ರೆ ಅಳೆದು ನೋಡಿ," ಎಂದು ವರ್ನಿಯರ್ ಚಾಚಿದರು.

ಪಿಳ್ಳಮ್ಮ ವರ್ನಿಯರನ್ನು ನೋಡಿದರು, ಮಂಜುಳಮ್ಮನವರನ್ನು ನೋಡಿದರು. "ಫ್ಯಾಕ್ಟ್ರಿ ಮಾಲು. ಯಜಮಾನ್ರೇ ಒಪ್ಕೊಂಡ್ರಲ್ಲ ತಾಯಿ," ಎಂದರು. ಹತ್ತೂ ಜನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಿಖಿತಾ ಕೂಡ ನಕ್ಕಳು. ಅದಕ್ಕೆ ಮಾತ್ರ ಮಂಜುಳಮ್ಮನವರಿಗೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬರುವ ದಾರಿಯಲ್ಲಿ, "ಎಲ್ರೂ ಎಷ್ಟು ಮೆಚ್ಕೊಂಡ್ರು ಅಲ್ವಾ?" ಎಂದು ಮುನಿಕೃಷ್ಣಪ್ಪನವರು ಒಂದೇ ಒಂದು ಸಲ ಕೇಳಿದರು. ಹೆಂಡತಿ ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲಗೇಜ್ ಆಟೋ ಬಂತು. ಅಫ್ತಾಬ್ ಭಾಯಿ ಇಳಿದರು, ಜೊತೆಗೆ ಭಾರ ಎತ್ತುವ ಇಬ್ಬರು ಆಳುಗಳು.

"ಸಾರ್, ಅಮ್ಮ ಫೋನ್ ಮಾಡಿದ್ರು. ಮೆಷಿನ್ ವಾಪಸ್ ತಗೊಂಡ್ ಹೋಗಿ ಅಂತ."

ಮುನಿಕೃಷ್ಣಪ್ಪನವರು ಹೆಂಡತಿಯ ಮುಖ ನೋಡಿದರು. ಜಗಳವಾಡಲಿಲ್ಲ. ಕೊಟ್ಟ ಮಾತೆಲ್ಲಿ ಎನ್ನಲೂ ಇಲ್ಲ. ಒಳಗೆ ಹೋಗಿ, ಒಂದು ಹಳೆಯ ಬನಿಯನ್ ತೆಗೆದುಕೊಂಡು, ಲೇತನ್ನು ಮೂಲೆ ಮೂಲೆಯೂ ಬಿಡದೆ ಒರೆಸತೊಡಗಿದರು. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಆತ ಹೀಗೆಯೇ ಮಾತಿಲ್ಲದೆ ಅವಳ ಟ್ರಂಕು ಒರೆಸಿದ್ದರು. ತಪ್ಪು ತಮ್ಮದೇ ಎಂದು ಗೊತ್ತಿದ್ದಾಗ ಮಂಜುಳಮ್ಮನವರಿಗೆ ಬರುವ ಸಿಟ್ಟು ಎಲ್ಲಕ್ಕಿಂತ ಜೋರು.

"ನಿಲ್ಸಿ!" ಎಂದು ಆಳುಗಳ ಮೇಲೆ ಗದರಿದರು. "ಯಾರ್ ಎತ್ತಿ ಅಂದಿದ್ದು? ರೀ, ಮೊದ್ಲು ಆ ಬಿಲ್ಲೆ ಸರಿಮಾಡ್ಕೊಡಿ."

"ಸರಿಯಾಗೇ ಇದೆಯಲ್ಲೇ?"

"ಅದೇ ತಾಪತ್ರಯ! ಇನ್ನು ಮೂರ್ನಾಲ್ಕು ತಿಂಗ್ಳಿಗೆ ಮೊಮ್ಮಗೂದು ನಾಮಕರಣ. ಆ ಪಿಳ್ಳಮ್ಮನ ಮುಂದೆ ನಾನ್ ಮತ್ತೆ ಚಕ್ಕುಲಿ ಇಡ್ಬೇಕು. ಒಂದ್ ಮುಳ್ಳು ಮೊಂಡ ಮಾಡಿ. ನಮ್ಮಮ್ಮಂದು ಇದ್ದಂಗೆ."

"ಎಷ್ಟು ಮೊಂಡ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು ಮಿಲಿಮೀಟರ್?"

"ನಮ್ಮಮ್ಮನ್ನೇ ಹೋಗಿ ಕೇಳಿ!" (ಆಕೆ ತೀರಿಕೊಂಡು ಹನ್ನೊಂದು ವರ್ಷ; ಅದನ್ನು ದಾಖಲೆಯಲ್ಲಿ ಬರೆದವರೂ ಮುನಿಕೃಷ್ಣಪ್ಪನವರೇ.)

ಮುನಿಕೃಷ್ಣಪ್ಪನವರು ಬಿಲ್ಲೆ, ಅರ, ಸ್ಟೂಲು ತೆಗೆದುಕೊಂಡು ತುಳಸಿ ಕಟ್ಟೆಯ ಬಳಿ ಕುಳಿತರು. ಕ್ರೀಚ್, ಕ್ರೀಚ್. ಅಫ್ತಾಬ್ ಭಾಯಿಗೂ ಆಳುಗಳಿಗೂ ಕಾಫಿಯಾಯಿತು, ತಟ್ಟೆಯಲ್ಲಿ ಉಳಿದಿದ್ದ ಚಕ್ಕುಲಿಯೂ ಆಯಿತು. ಅರ್ಧ ಗಂಟೆಯ ಕೆಲಸ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಬಿಲ್ಲೆ ಮತ್ತೆ ಮಂಜುಳಮ್ಮನವರ ಅಂಗೈಗೆ ಬಂತು. ಕಿಟಕಿಗೆ ಹಿಡಿದರು. ಏಳು ಮೂಲೆ. ಏಳೂ ಒಂದೇ ಸಮ ಮೊಂಡ.

"ಒಂದು ಅಂದಿದ್ದಲ್ವೇನ್ರೀ ನಾನು!"

"ಒಂದೇ ಮಾಡಿದ್ದೆ ಕಣೆ," ಎಂದರು ಮುನಿಕೃಷ್ಣಪ್ಪ, ತಪ್ಪಿತಸ್ಥ ದನಿಯಲ್ಲಿ. "ಆಮೇಲೆ ನೋಡೋಕಾಗ್ಲಿಲ್ಲ. ಉಳಿದ ಆರನ್ನೂ ಅದಕ್ಕೆ ಸರಿ ಮಾಡ್ದೆ."

ಮಂಜುಳಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅಫ್ತಾಬ್ ಭಾಯಿ ಬಿಲ್ಲೆಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದರು.

"ಅಮ್ಮಾ, ಸಾರ್ ಮೇಲೆ ಕೋಪ ಮಾಡ್ಕೋಬೇಡಿ. ಸೀದಾ ಮಾಡೋದು ಆರು ತಿಂಗ್ಳಲ್ಲಿ ಬರುತ್ತೆ. ಬೇಕಂತಾನೇ ಸೊಟ್ಟ ಮಾಡೋಕೆ ನನಗೇ ಹತ್ತು ವರ್ಷ ಆಯ್ತು. ಈ ಕೈಗೆ ಈಗ ಆಗಲ್ಲ. ಇಲ್ಲಾಂದ್ರೆ ಮಿಲ್ಲಿಂಗ್ ಮೆಷಿನ್ ಬೇಕು. ಅದ್ರಲ್ಲಿ ಒಂದೊಂದು ಮೂಲೇನೂ ಬೇರೆ ಬೇರೆ ಕೊರೀಬೋದು. ನನ್ ಹತ್ರ ಒಂದ್ ಚಿಕ್ಕದಿದೆ, ಖಾಲಿ ನಿಂತಿದೆ. ಆಟೋನೂ ಹೆಂಗೂ ಖಾಲಿನೇ ಹೋಗುತ್ತೆ..."

ಮಂಜುಳಮ್ಮನವರ ಕಣ್ಣ ಮುಂದೆ ಪಿಳ್ಳಮ್ಮನವರು ಬಂದರು. ಚಕ್ಕುಲಿಯ ಮೇಲೆ ಚಕ್ಕುಲಿ ಇಟ್ಟರು. ಅಂಚಿಗೆ ಅಂಚು ಕೂಡಿತು.

"ಅದಕ್ಕೆ ಎಷ್ಟು ಜಾಗ ಬೇಕು?" ಎಂದು ಕೇಳಿದರು ಮಂಜುಳಮ್ಮ.

"ಜಾಸ್ತಿ ಇಲ್ಲಮ್ಮಾ. ಒಂದ್ ಫ್ರಿಜ್ ಇಡೋ ಅಷ್ಟು."

ಸಂಜೆಯ ಹೊತ್ತಿಗೆ ಹಾಲಿನಲ್ಲಿ, ಟೀವಿಯ ಬಲಕ್ಕೆ, ಅಡುಗೆಮನೆಯ ಫ್ರಿಜ್ ಬಂದು ನಿಂತಿತು. ಅದರ ಮೇಲೆ ಹೊದಿಸಲು ಕಸೂತಿ ಬಟ್ಟೆ ಬೇಕಿತ್ತು. ಮಂಜುಳಮ್ಮ ಕಮರ್ಷಿಯಲ್ ಸ್ಟ್ರೀಟಿಗೆ ತಾವೇ ಹೋಗಿಬಂದರು, ಗಂಡನನ್ನು ಕಳಿಸಲಿಲ್ಲ.